ಕಿಡ್ನಿ ಬಯಾಪ್ಸಿ ಮಾಡಿಸಲೋ ಬೇಡವೋ? ಅನುಭವ ಇರುವವರು ಹೇಳಿ

ವಯಸ್ಸು 34. ಎರಡು ವರ್ಷದಿಂದ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಣ್ಣಿಗೆ ಕಾಣದಷ್ಟು ರಕ್ತವೂ ಇದೆಯಂತೆ. ಮೊನ್ನೆ 24 ಗಂಟೆಯ ಮೂತ್ರದಲ್ಲಿ ಪ್ರೋಟೀನ್ 1.8 ಗ್ರಾಂ, ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ಏರುತ್ತದೆ) 1.3. ಸಕ್ಕರೆ ಕಾಯಿಲೆ ಇಲ್ಲ. ಡಾಕ್ಟರು ಬಯಾಪ್ಸಿ ಮಾಡಿಸಿ ಅಂದಿದ್ದಾರೆ. ಕೆಟ್ಟಿರುವ ಕಿಡ್ನಿಗೆ ಸೂಜಿ ಬೇರೆ ಚುಚ್ಚಿಸ್ತೀಯಾ ಅಂತ ಮನೆಯಲ್ಲಿ ಎಲ್ಲರೂ ಬೇಡ ಅಂತಿದ್ದಾರೆ. ನನಗೂ ಭಯ. ಮಾಡಿಸಿಕೊಂಡವರೂ ಹೇಳಿ, ಬೇಡ ಅಂದವರೂ ಹೇಳಿ.

— ನಾನೂ ಇದೇ ಮಾತು ಕೇಳಿಕೊಂಡು ಒಂದೂವರೆ ವರ್ಷ ಮುಂದೂಡಿದವಳು. ಅಷ್ಟರಲ್ಲಿ ಕ್ರಿಯಾಟಿನಿನ್ 1.2ರಿಂದ 1.9ಕ್ಕೆ ಏರಿತು. ಕೊನೆಗೆ ಮಾಡಿಸಿದಾಗ ಐಜಿಎ ನೆಫ್ರೋಪತಿ ಅಂತ ಬಂತು, ಅಂದರೆ ಐಜಿಎ ಅನ್ನುವ ರೋಗನಿರೋಧಕ ಪ್ರೋಟೀನ್ ಕಿಡ್ನಿಯಲ್ಲಿ ಕೂತು ಉರಿಯೂತ ತರುವ ಕಾಯಿಲೆ. ಈ ಕಾಯಿಲೆಯನ್ನು ಖಚಿತ ಮಾಡಲು ಬಯಾಪ್ಸಿ ಬಿಟ್ಟರೆ ಬೇರೆ ದಾರಿಯಿಲ್ಲ. ರಿಪೋರ್ಟಿನಲ್ಲಿ ಹೆಸರಿಗಿಂತ ಮುಖ್ಯವಾದ ಒಂದು ಸಂಗತಿ ಇತ್ತು: ಎಷ್ಟು ಭಾಗ ಈಗ ಉರಿಯುತ್ತಿದೆ, ಎಷ್ಟು ಭಾಗ ಆಗಲೇ ಗಾಯ ಒಣಗಿ ಕಲೆಯಾಗಿದೆ ಅನ್ನುವುದು. ಉರಿಯೂತಕ್ಕೆ ಔಷಧಿ ಉಂಟು, ಕಲೆಗೆ ಇಲ್ಲ. ನನ್ನದರಲ್ಲಿ ಎರಡೂ ಇತ್ತು. ಆ ಒಂದೂವರೆ ವರ್ಷ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಾಡುವ ರೀತಿ ಹೇಳುತ್ತೇನೆ, ಅರ್ಧ ಭಯ ಅಲ್ಲೇ ಹೋಗುತ್ತದೆ. ಬೋರಲು ಮಲಗಿಸಿ ಹೊಟ್ಟೆಯಡಿ ದಿಂಬು ಇಟ್ಟರು. ಸ್ಕ್ಯಾನ್‌ನಲ್ಲಿ ಜಾಗ ನೋಡಿ ಮರಗಟ್ಟುವ ಇಂಜೆಕ್ಷನ್ ಕೊಟ್ಟರು, ಉರಿದದ್ದು ಅದೊಂದೇ. ಆಮೇಲೆ ‘ಉಸಿರು ಹಿಡೀರಿ’ ಅಂದರು, ಸ್ಟೇಪ್ಲರ್ ಒತ್ತಿದ ಹಾಗೆ ಟಕ್ ಅಂತ ಸದ್ದು. ಎರಡು ಸಲ ಅಷ್ಟೆ. ಬಂದ ಚೂರು ಪೆನ್ಸಿಲ್ ಕಡ್ಡಿಗಿಂತ ತೆಳು. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಗೊಂಚಲುಗಳಿರುತ್ತವೆ, ಆ ಚೂರಿನಲ್ಲಿ ಹೋಗುವುದು ಹತ್ತಿಪ್ಪತ್ತು. ಮನೆಯವರಿಗೆ ಈ ಲೆಕ್ಕ ಹೇಳಿ. ನಿಜಕ್ಕೂ ಕಷ್ಟವಾದದ್ದು ಆಮೇಲಿನ ಆರು ಗಂಟೆ ಅಲುಗಾಡದೆ ಅಂಗಾತ ಮಲಗಿರುವುದು.

— ನನಗೆ ತೊಂದರೆಯಾಯಿತು, ಅದನ್ನೂ ಕೇಳಿ. ರಾತ್ರಿ ಮೂತ್ರ ಕೆಂಪಾಗಿ ಹೋಗಿ, ಹೆಪ್ಪು ಕಟ್ಟಿಕೊಂಡಿತು. ಮೂರು ದಿನ ಆಸ್ಪತ್ರೆಯಲ್ಲಿದ್ದೆ, ಒಂದು ಬಾಟಲಿ ರಕ್ತ ಏರಿಸಿದರು. ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿದ್ದೆ, ಅದರ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆ ಏನೇ ಇದ್ದರೂ ನೀವಾಗಿಯೇ ಹೇಳಿ. ಆದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬಿಪಿ ಹತೋಟಿಗೆ ಬರುವ ತನಕ ದಿನ ಗೊತ್ತು ಮಾಡಿಸಲೇಬೇಡಿ, ಬಿಪಿ ಜಾಸ್ತಿ ಇದ್ದರೆ ರಕ್ತಸ್ರಾವದ ಅಪಾಯವೂ ಜಾಸ್ತಿ. ಇಷ್ಟಾದರೂ ಮಾಡಿಸಿದ್ದಕ್ಕೆ ನನಗೆ ಬೇಸರವಿಲ್ಲ. ನನಗಿರುವ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗಗಳ ಮೇಲೆಯೇ ತಿರುಗಿಬೀಳುವ ಕಾಯಿಲೆ) ಕಿಡ್ನಿಯಲ್ಲಿ ಯಾವ ಹಂತದ್ದು ಅಂತ ಗೊತ್ತಾಗಿದ್ದೇ ಅದರಿಂದ, ಔಷಧಿ ಬದಲಾದದ್ದೂ ಅದರಿಂದಲೇ.

— ನಾನು ಮಾಡಿಸಲಿಲ್ಲ. 22 ವರ್ಷದ ಸಕ್ಕರೆ ಕಾಯಿಲೆ, ಕಣ್ಣಿನ ಪರದೆಗೂ ತಗುಲಿದೆ, ಪ್ರೋಟೀನ್ ನಿಧಾನವಾಗಿ ಏರುತ್ತಾ ಬಂದದ್ದು. ‘ಬಯಾಪ್ಸಿ ಹೇಳುವುದು ನಮಗೆ ಆಗಲೇ ಗೊತ್ತಿದೆ, ಚಿಕಿತ್ಸೆ ಬದಲಾಗುವುದಿಲ್ಲ’ ಅಂದರು ಡಾಕ್ಟರು. ನಿಮ್ಮ ಕಥೆ ಅದಲ್ಲ ತಮ್ಮಾ. ಸಕ್ಕರೆ ಇಲ್ಲದೆ ಪ್ರೋಟೀನೂ ರಕ್ತವೂ ಎರಡೂ ಹೋಗುತ್ತಿದೆ ಅಂದರೆ ಕಾರಣ ಹುಡುಕಲೇಬೇಕು.

— ನನ್ನ ಮಗನಿಗೆ ಐದನೇ ವಯಸ್ಸಿಗೆ ಮೈಯೆಲ್ಲಾ ಊದಿಕೊಂಡಾಗ ಮೊದಲು ಸ್ಟಿರಾಯ್ಡ್ ಕೊಟ್ಟು ನೋಡಿದರು, ಇಳಿಯಿತು, ಬಯಾಪ್ಸಿ ಬೇಕಾಗಲಿಲ್ಲ. ದೊಡ್ಡವರಲ್ಲಿ ಕಾರಣಗಳು ಹಲವು, ಹಾಗೆ ಊಹೆಯ ಮೇಲೆ ಕೊಡುವುದು ಕಡಿಮೆ ಅಂತ ಅವನ ಡಾಕ್ಟರೇ ಹೇಳಿದ್ದರು. ಪಿಎಲ್‌ಎ2ಆರ್ ಅನ್ನುವ ರಕ್ತಪರೀಕ್ಷೆಯನ್ನೂ ಕೇಳಿ ನೋಡಿ. ಮೆಂಬ್ರೇನಸ್ ಅನ್ನುವ, ಪ್ರೋಟೀನ್ ಸೋರಿಸುವ ಇನ್ನೊಂದು ಕಿಡ್ನಿ ಕಾಯಿಲೆಯಾಗಿದ್ದರೆ ಕೆಲವರಿಗೆ ಅದರಲ್ಲೇ ಗೊತ್ತಾಗಿ ಸೂಜಿ ತಪ್ಪುತ್ತದೆ.

— ಸ್ಕ್ಯಾನ್ ರಿಪೋರ್ಟಿನಲ್ಲಿ ಕಿಡ್ನಿಯ ಉದ್ದ ಎಷ್ಟಿದೆ ನೋಡಿದಿರಾ? ನನ್ನವು ಎರಡೂ 7.5 ಸೆಂಟಿಮೀಟರಿಗೆ ಕುಗ್ಗಿದ್ದವು. ಬಯಾಪ್ಸಿಗೆ ತಡವಾಗಿತ್ತು, ಚುಚ್ಚಿದರೂ ಬರೀ ಕಲೆ ಸಿಗುತ್ತದೆ, ಅಪಾಯ ಮಾತ್ರ ಹೆಚ್ಚು ಅಂದರು. ಈಗ ಡಯಾಲಿಸಿಸ್‌ನಲ್ಲಿದ್ದೇನೆ. ಯಾವ ಕಾಯಿಲೆಯಿಂದ ಹೀಗಾಯಿತು ಅಂತ ನನಗೆ ಕೊನೆಗೂ ಗೊತ್ತಾಗಲಿಲ್ಲ. ನಾಳೆ ಕಸಿ ಮಾಡಿಸಿಕೊಂಡರೆ ಹೊಸ ಕಿಡ್ನಿಗೂ ಅದೇ ಮರಳುತ್ತದೋ ಅನ್ನುವ ಚಿಂತೆ ಬೇರೆ.

— (ಪ್ರಶ್ನೆ ಕೇಳಿದವನು) ಎಲ್ಲರಿಗೂ ಕೈಮುಗಿದೆ. ರಿಪೋರ್ಟು ತೆಗೆದು ನೋಡಿದೆ: ಬಲ 10.4, ಎಡ 10.1. ತಲೆನೋವಿಗೆಂದು ವಾರಕ್ಕೆರಡು ಸಲ ಮಾತ್ರೆ ನುಂಗುವುದನ್ನು ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಪಿಎಲ್‌ಎ2ಆರ್ ಪರೀಕ್ಷೆ, ಈ ಮಾತ್ರೆ, ‘ಉತ್ತರ ಸಿಕ್ಕರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ’ ಅನ್ನುವ ಪ್ರಶ್ನೆ, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಗುರುವಾರ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಹತ್ತು ಲಕ್ಷದ ಲೆಕ್ಕ ಕೇಳಿದ ಮೇಲೆ ಅವಳು ಸುಮ್ಮನಾಗಿದ್ದಾಳೆ.