ಚಿತ್ರದ ಹಿನ್ನೆಲೆ ಸಂಗೀತದಲ್ಲಿ ಮರಳಿ ಬರುವ ಧಾಟಿಗಳು: ಗೊಂಡೋರ್ ಧಾಟಿಯನ್ನು ಮೊದಲು ಎಲ್ಲಿ ಕೇಳಿದೆ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಹವರ್ಡ್ ಶೋರ್ ಸಂಗೀತ ನೀಡಿರುವ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಮೂರೂ ಚಿತ್ರಗಳನ್ನು (2001, 2002, 2003) ಕಳೆದ ವಾರ ಹೆಡ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಮೂರನೆಯ ಚಿತ್ರದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಗೊಂಡೋರ್ ನಾಡಿನ ಬಿಳಿಯ ನಗರದ ಏರುಬೀದಿಗಳಲ್ಲಿ ಕುದುರೆ ಓಡಿಸುತ್ತಾ ಮೇಲೇರುವಾಗ ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಾಗಿ ನುಡಿಸುವ ಧಾಟಿ ನನಗೆ ಮೊದಲೇ ಪರಿಚಯವಿದ್ದಂತೆ ತೋರಿತು. ಆದರೆ ಎಲ್ಲಿ ಕೇಳಿದ್ದೆನೆಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಇದು ನನ್ನ ಭ್ರಮೆಯೋ, ಅಥವಾ ಸಂಯೋಜಕರು ಬೇಕೆಂದೇ ಮಾಡಿದ್ದೋ, ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಚಿತ್ರದುರ್ಗದಿಂದ)

ಭ್ರಮೆಯಲ್ಲ ಸರ್. ಮೊದಲ ಚಿತ್ರದಲ್ಲಿ ಎಲ್‌ರಾಂಡ್‌ನ ಸಭೆ ನಡೆಯುವಾಗ ಬೊರೊಮಿರ್ ತನ್ನ ನಾಡಾದ ಗೊಂಡೋರ್ ಬಗ್ಗೆ ಮಾತನಾಡುತ್ತಾನಲ್ಲ, ಅವನ ಮಾತಿನ ಅಡಿಯಲ್ಲಿ ಇದೇ ಧಾಟಿ ತೀರಾ ತಗ್ಗಿದ ದನಿಯಲ್ಲಿ ಸುಳಿದುಹೋಗುತ್ತದೆ. ನಾಡು ಇನ್ನೂ ಪರದೆಯ ಮೇಲೆ ಬಂದಿಲ್ಲ, ಬರೀ ನೆನಪಾಗಿ ಮಾತಿನಲ್ಲಿದೆ. ಆದ್ದರಿಂದ ಸಂಗೀತವೂ ನೆನಪಿನಷ್ಟೇ ಮೆಲ್ಲಗಿದೆ. ಎರಡು ವರ್ಷ ಪ್ರೇಕ್ಷಕರನ್ನು ಕಾಯಿಸಿ ಆಮೇಲೆ ಪೂರ್ಣ ವಾದ್ಯವೃಂದದಲ್ಲಿ ತೆರೆದಿಟ್ಟದ್ದು ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯುತ್ತಮ ನಿರ್ಧಾರ. ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿಕೊಳ್ಳುವ ದೃಶ್ಯದಲ್ಲೂ ಅದೇ ಧಾಟಿಯಿದೆ. ನಮ್ಮ ಕೋಟೆಯ ಬತೇರಿಯ ಮೇಲೆ ಸಂಜೆ ಹೊತ್ತು ನಿಂತವರಿಗೆ ಆ ದೃಶ್ಯ ಸುಲಭವಾಗಿ ಮರೆಯುವುದಿಲ್ಲ.

ನಮ್ಮ ಕಡೆಯ ಬಯಲಾಟದಲ್ಲಿಯೂ ವೇಷ ತೆರೆಯ ಹಿಂದಿರುವಾಗಲೇ ಮದ್ದಳೆಯ ಪೆಟ್ಟು ಕೇಳಿ ಬರುವವನು ಯಾರೆಂದು ಹಿರಿಯರು ಹೇಳಿಬಿಡುತ್ತಾರೆ. ರಾಗ ಕೇಳಿ ಭಾವ ಗುರುತಿಸುವ ನಮಗೆ ಇದು ಹೊಸದೇನಲ್ಲ.

ಉತ್ತರ 2 (ದಾವಣಗೆರೆಯಿಂದ)

ಮೇಲಿನ ಉತ್ತರ ಸರಿಯಾಗಿದೆ, ಆದರೆ ರಾಗದ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ರಾಗದೊಳಗೆ ಗಾಯಕನಿಗೆ ವಿಸ್ತರಿಸುವ ಸ್ವಾತಂತ್ರ್ಯವಿದೆ. ಇಂಥ ಮರಳಿ ಬರುವ ಧಾಟಿ, ಅಂದರೆ ಲೈಟ್‌ಮೋಟಿಫ್ ಎಂಬುದು, ಬರೆದಿಟ್ಟ ಸ್ವರಗಳ ಒಂದು ಚಿಕ್ಕ ತುಣುಕು. ಹೋಲಿಸಲೇಬೇಕೆಂದರೆ ಹಿಂದೂಸ್ತಾನಿಯ ಪಕಡ್ (ರಾಗದ ಗುರುತು ಹಿಡಿಸುವ ಚಿಕ್ಕ ಸ್ವರಗುಚ್ಛ) ಹತ್ತಿರವಾದೀತು. ಜರ್ಮನಿಯ ವಾಗ್ನರ್ 1876ರಲ್ಲಿ ಬೈರಾಯ್ಟ್‌ನಲ್ಲಿ ನಾಲ್ಕು ಸಂಗೀತನಾಟಕಗಳ ತಮ್ಮ ಮಾಲೆಯನ್ನು ಪೂರ್ಣವಾಗಿ ಪ್ರದರ್ಶಿಸಿದಾಗ ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಕೇಳಿಬಂದಿತ್ತು. ಶೋರ್ ಅವರ ಈ ಸಂಗೀತದಲ್ಲಿ ಈ ಸಂಗೀತದ ಬಗ್ಗೆ ಪುಸ್ತಕ ಬರೆದ ಡಗ್ ಆಡಮ್ಸ್ 90ಕ್ಕೂ ಹೆಚ್ಚು ಧಾಟಿಗಳನ್ನು ಗುರುತಿಸಿದ್ದಾರೆ.

ಧಾಟಿಯಷ್ಟೇ ಮುಖ್ಯವಾದದ್ದು ಅದನ್ನು ಯಾವ ವಾದ್ಯಕ್ಕೆ ಕೊಟ್ಟಿದ್ದಾರೆ ಎಂಬುದು. ಮೊದಲ ಚಿತ್ರದಲ್ಲಿ ಕಥಾನಾಯಕ ಫ್ರೋಡೋನ ಊರಾದ ಷೈರ್‌ನ ಧಾಟಿಯನ್ನು ಟಿನ್ ವಿಸಲ್ (ಲೋಹದ ಚಿಕ್ಕ ಪೀಪಿ) ನುಡಿಸುತ್ತದೆ, ಅದರ ದನಿಯಲ್ಲಿ ಹಳ್ಳಿಯ ಹುಡುಗನ ಹಗುರವಿದೆ. ಮೂರನೆಯ ಚಿತ್ರದ ಕೊನೆಯ ಭಾಗದಲ್ಲಿ ಅದೇ ಧಾಟಿ ಕೊಳಲಿನ ತುಂಬುದನಿಗೆ ಬರುತ್ತದೆ. ಸ್ವರಗಳು ಅವೇ, ಆದರೆ ಫ್ರೋಡೋ ಈಗ ಮೊದಲಿನ ಹುಡುಗನಲ್ಲ. ರೋಹನ್ ನಾಡಿಗೆ ನಾರ್ವೆಯ ಹಾರ್ಡಾಂಗರ್ ಪಿಟೀಲನ್ನು ಆರಿಸಿದ್ದಾರೆ. ಕಮಾನು ಆಡುವ ತಂತಿಗಳ ಕೆಳಗೆ, ನಮ್ಮ ಸಿತಾರಿನ ತರಫ್‌ನಂತೆ, ತಾವಾಗಿಯೇ ಮಿಡಿಯುವ ತಂತಿಗಳು ಅದರಲ್ಲಿರುವುದರಿಂದ ಪ್ರತಿ ಸ್ವರದ ಹಿಂದೆಯೂ ಗಾಳಿಯಾಡಿದಂಥ ಗುಂಗು ಉಳಿಯುತ್ತದೆ.

ಖಳ ಮಾಂತ್ರಿಕ ಸರುಮಾನ್‌ನ ಕೋಟೆಯಾದ ಐಸೆನ್‌ಗಾರ್ಡ್‌ನ ಸಂಗೀತ ಐದು ಎಣಿಕೆಯಲ್ಲಿದೆ. ಪಶ್ಚಿಮದ ಕಿವಿಗೆ ಅದು ಕುಂಟುನಡೆಯೆನಿಸಬಹುದು. ಖಂಡಛಾಪು ತಾಳ ಕೇಳಿ ಬೆಳೆದ ನನಗೆ ಎಣಿಕೆ ಸಹಜವಾಗಿಯೇ ಇದೆ. ಕಬ್ಬಿಣದ ಮೇಲೆ ಬೀಳುವ ಆ ಪೆಟ್ಟುಗಳು ಮಾತ್ರ ಎದೆ ನಡುಗಿಸುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಸಭೆಯ ದೃಶ್ಯವನ್ನು ಮೂರು ಬಾರಿ ಹಿಂದಕ್ಕೆ ಸರಿಸಿ ಕೇಳಿದೆ. ಮೊದಲೆರಡು ಬಾರಿ ಮಾತಿನ ಮೇಲೆಯೇ ಗಮನವಿದ್ದುದರಿಂದ ಸಿಗಲಿಲ್ಲ. ಮೂರನೆಯ ಬಾರಿ ಕಣ್ಣು ಮುಚ್ಚಿಕೊಂಡೆ, ಸಿಕ್ಕಿತು. ಇಂದು ಟಿನ್ ವಿಸಲ್ ಮತ್ತು ಕೊಳಲಿನ ಎರಡು ಭಾಗಗಳನ್ನು ಒಂದರ ಹಿಂದೊಂದು ಹಾಕಿ ಕೇಳುತ್ತೇನೆ.