ಸಹಾಯ ಬೇಕು: ಕಾಶಿಯಲ್ಲಿ ಘಾಟ್ ಹತ್ತಿರ ಅಪ್ಪ ಅಮ್ಮನಿಗೆ ಚಿಕ್ಕ ಲಾಡ್ಜ್

ಎಲ್ಲರಿಗೂ ನಮಸ್ಕಾರ. ಕಾರ್ತಿಕ ಮಾಸದಲ್ಲಿ ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ದೇವ ದೀಪಾವಳಿಯ ಹುಣ್ಣಿಮೆಗೆ ಮೊದಲೇ ವಾಪಸ್, ಆಗ ಬಾಡಿಗೆ ವಿಪರೀತ ಏರುತ್ತದೆ ಅಲ್ವಾ. ಕಂಟೋನ್ಮೆಂಟ್ ಕಡೆ ದೊಡ್ಡ ಹೋಟೆಲ್‌ಗಳಿವೆ. ಆದರೆ ಬೆಳಗಿನ ಜಾವ ನಡೆದೇ ಗಂಗೆಗೆ ಹೋಗಬೇಕು ಅನ್ನುವುದು ಅಮ್ಮನ ಬಹಳ ವರ್ಷಗಳ ಆಸೆ. ಅದಕ್ಕೇ ಗೋದೌಲಿಯಾ, ದಶಾಶ್ವಮೇಧ ಘಾಟ್ ಸುತ್ತಮುತ್ತ ಹುಡುಕುತ್ತಿದ್ದೇನೆ. ದಿನಕ್ಕೆ 1,500 ರೂಪಾಯಿ ಒಳಗೆ ಇರಲಿ.

ಚಿಂತೆ ಅಮ್ಮನ ಮಂಡಿನೋವಿನದು. ಆ ಗಲ್ಲಿಗಳೊಳಗೆ ಆಟೋ ಹೋಗುವುದಿಲ್ಲ. ಹಳೇ ಕಟ್ಟಡಗಳಲ್ಲಿ ಮೆಟ್ಟಿಲು ಕಡಿದು, ಲಿಫ್ಟ್ ಅಪರೂಪ. ‘ಘಾಟ್‌ನಿಂದ 200 ಮೀಟರ್’ ಅಂತ ಹಾಕಿರುತ್ತಾರೆ, ಅದರಲ್ಲಿ ಎಷ್ಟು ಮೆಟ್ಟಿಲು ಅಂತ ಹೇಳುವುದೇ ಇಲ್ಲ. ನೆಲಮಹಡಿ ರೂಮ್, ವೆಸ್ಟರ್ನ್ ಟಾಯ್ಲೆಟ್, ಬಿಸಿನೀರು ಬೇಕೇ ಬೇಕು. ಟಿವಿ, ಎಸಿ ಇಲ್ಲದಿದ್ದರೂ ನಡೆಯುತ್ತದೆ.

ಹನುಮಾನ್ ಘಾಟ್, ಕೇದಾರ ಘಾಟ್ ಕಡೆ ದಕ್ಷಿಣದವರು ಜಾಸ್ತಿ. ಅಲ್ಲಿ ಉಳಿಯುವುದು ಒಳ್ಳೆಯದಾ? ಜಂಗಮವಾಡಿ ಮಠದಲ್ಲಿ ಉಳಿದವರಿದ್ದರೆ, ರೂಮ್ ಮೊದಲೇ ಹೇಳಿಡಬಹುದಾ ತಿಳಿಸಿ. ಇತ್ತೀಚೆಗೆ ವಯಸ್ಸಾದವರ ಜೊತೆ ಹೋಗಿಬಂದವರು ದಯವಿಟ್ಟು ಲಾಡ್ಜ್ ಹೆಸರು ಕೊಡಿ. ಬಾಗಿಲಿನ ಮುಂದಿನ ಗಲ್ಲಿಯ ಫೋಟೋ ಇದ್ದರೆ ಅದನ್ನೂ ಹಾಕಿ.