ಲಸಾಅ ಡೌಟ್ ಇದ್ರೆ ಇಲ್ಲೇ ಕೇಳಿ, ಇವತ್ತು ಮೇಡಂ ಇದಾರೆ

ಅಡ್ಮಿನ್: ಹೈಸ್ಕೂಲಲ್ಲಿ ಗಣಿತ ಹೇಳೋ ಮೇಡಂ ಇವತ್ತು ಸಂಜೆ ಲಸಾಅ (ಕೊಟ್ಟಿರೋ ಎಲ್ಲಾ ಸಂಖ್ಯೆಗಳಿಂದಲೂ ಭಾಗ ಹೋಗೋ ಅತಿ ಚಿಕ್ಕ ಸಂಖ್ಯೆ, LCM) ಬಗ್ಗೆ ಉತ್ತರ ಕೊಡ್ತಾರೆ. ಮೇಲಿರೋದನ್ನ ಓದಿ ಕೇಳಿ, ಕೇಳಿದ್ದನ್ನೇ ಕೇಳ್ಬೇಡಿ.

ಎಕ್ಸಾಮ್ ತಯಾರಿ: ನಮಸ್ತೆ ಮೇಡಂ, 12, 18ರ ಲಸಾಅ ಬೇಗ ತೆಗೆಯೋದು ಹೇಗೆ?

ಗಣಿತ ಮೇಡಂ: ನಮಸ್ತೆ. ದೊಡ್ಡ ಸಂಖ್ಯೆ ಮಗ್ಗಿ ಹೇಳ್ತಾ ಹೋಗಿ. 18 ಹನ್ನೆರಡರಿಂದ ಭಾಗ ಹೋಗಲ್ಲ, 36 ಹೋಗುತ್ತೆ. ಉತ್ತರ 36. ಸಣ್ಣ ಸಂಖ್ಯೆಗೆ ಇಷ್ಟು ಸಾಕು, ಪೇಪರೂ ಬೇಡ.

ಟ್ರಿಕ್ ಪ್ರಿಯ: ಇದಕ್ಕೊಂದು ಫಾರ್ವರ್ಡ್ ಬಂದಿದೆ ನೋಡಿ, "ಎರಡೂ ಸಂಖ್ಯೆ ಗುಣಿಸಿ, ವ್ಯತ್ಯಾಸದಿಂದ ಭಾಗಿಸಿ, 5 ಸೆಕೆಂಡಲ್ಲಿ ಲಸಾಅ!!" 12×18=216, 216÷6=36. ಬಂತಲ್ಲ!

ಗಣಿತ ಮೇಡಂ: 6, 10 ಹಾಕಿ ನೋಡಿ. 60÷4=15. ಹದಿನೈದು ಆರರಿಂದ ಭಾಗ ಹೋಗುತ್ತಾ? ಎರಡು ಸಂಖ್ಯೆಗಳ ಮಸಾಅ (ಎರಡನ್ನೂ ಭಾಗಿಸೋ ಅತಿ ದೊಡ್ಡ ಸಂಖ್ಯೆ, HCF) ಅವುಗಳ ವ್ಯತ್ಯಾಸವನ್ನ ಯಾವಾಗ್ಲೂ ಭಾಗಿಸುತ್ತೆ, ಒಂದೊಂದ್ಸಲ ವ್ಯತ್ಯಾಸವೇ ಮಸಾಅ ಆಗಿರುತ್ತೆ, ಆಗ ಮಾತ್ರ ಈ ಟ್ರಿಕ್ ಕೆಲಸ ಮಾಡೋದು. ಫಾರ್ವರ್ಡ್ ಮಾಡೋರು ಉದಾಹರಣೆನ ಹುಡುಕಿ ಹುಡುಕಿ ಹಾಕಿರ್ತಾರೆ. ದಯವಿಟ್ಟು ಮಕ್ಕಳಿಗೆ ಕಳಿಸ್ಬೇಡಿ.

ಏಳನೇ ಕ್ಲಾಸ್ ಅಮ್ಮ: ಮೇಡಂ ನನ್ನ ಮಗಳು 6, 10, 15ರ ಲಸಾಅ 900 ಅಂತ ಬರೆದಿದಾಳೆ, ಪುಸ್ತಕದಲ್ಲಿ 30 ಇದೆ. ಕೇಳಿದ್ರೆ ಮೂರನ್ನೂ ಭಾಗಿಸೋ ಸಂಖ್ಯೆನೇ ಇಲ್ವಲ್ಲಮ್ಮಾ ಅದಕ್ಕೆ ಮೂರನ್ನೂ ಗುಣಿಸ್ಬಿಟ್ಟೆ ಅಂತಾಳೆ, ಕೇಳಿದ್ರೆ ನಂಗೂ ಸರಿನೇ ಅನ್ಸುತ್ತೆ, ಎಲ್ಲಿ ತಪ್ತಿದೆ?

ಗಣಿತ ಮೇಡಂ: ಇದಕ್ಕೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ತಪ್ಪು ಮಾಡೋ ಮಕ್ಕಳು ಯೋಚನೆ ಮಾಡೋ ಮಕ್ಕಳೇ. ನಿಮ್ಮ ಮಗಳು ಮಸಾಅ ನಿಯಮನ ಲಸಾಅಗೆ ಹಾಕಿದಾಳೆ ಅಷ್ಟೇ. ಭಾಗಿಸ್ತಾ ಕೆಳಗಿಳಿಯೋವಾಗ ಮಸಾಅ ಬೇಕಿದ್ರೆ ಎಲ್ಲಾ ಸಂಖ್ಯೆನೂ ಭಾಗ ಹೋಗ್ಬೇಕು, ಲಸಾಅ ಬೇಕಿದ್ರೆ ಯಾವುದಾದ್ರೂ ಎರಡು ಹೋದ್ರೂ ಮುಂದುವರೀಬೇಕು, ಹೋಗದೇ ಇರೋದನ್ನ ಹಾಗೇ ಕೆಳಗೆ ಬರ್ಕೋಬೇಕು. 2ರಿಂದ ಭಾಗಿಸಿದ್ರೆ 3, 5, 15. ಆಮೇಲೆ 3ರಿಂದ 1, 5, 5. ಆಮೇಲೆ 5ರಿಂದ 1, 1, 1. ಎಡಗಡೆ ಇರೋದನ್ನ ಗುಣಿಸಿ, 2×3×5=30.

6 ಅಂದ್ರೆ 2×3, 10 ಅಂದ್ರೆ 2×5, 15 ಅಂದ್ರೆ 3×5. ಸುಮ್ನೆ ಗುಣಿಸಿದ್ರೆ 2, 3, 5 ಮೂರೂ ಎರಡೆರಡು ಸಲ ಬಂದ್ಬಿಡುತ್ತೆ, ಬೇಕಾಗಿರೋದು ಒಂದೊಂದೇ ಸಲ. ಮೂರಕ್ಕೂ ಸೇರಿ ಮಸಾಅ 1 ಇದ್ರೂ ಜೋಡಿ ಜೋಡಿ ನೋಡಿದ್ರೆ ಯಾವ ಜೋಡಿಗೂ 1 ಇಲ್ಲ.

ಇನ್ನೊಂದು, ಆ 900ನ್ನ ಅಳಿಸ್ಬೇಡಿ. ಅದನ್ನ 6, 10, 15ರಿಂದ ಭಾಗಿಸೋಕೆ ಹೇಳಿ, 150, 90, 60 ಬರುತ್ತೆ. ಈ ಮೂರರ ಮಸಾಅ 30. ಅಂದ್ರೆ ಅವಳ ಉತ್ತರ ಸರಿಯಾಗಿ 30 ಪಟ್ಟು ಜಾಸ್ತಿ ಆಗಿದೆ, 900÷30=30. ಸರಿ ಉತ್ತರಕ್ಕೂ ಇದೇ ಮಾಡಿ ನೋಡಿ, 30ನ್ನ ಭಾಗಿಸಿದ್ರೆ 5, 3, 2, ಇವುಗಳ ಮಸಾಅ 1, ಇನ್ನು ಇಳಿಸೋಕೆ ಜಾಗ ಇಲ್ಲ. ಯಾವ ಲಸಾಅ ಲೆಕ್ಕನಾದ್ರೂ ಹೀಗೆ ಚೆಕ್ ಮಾಡ್ಬಹುದು, ಶೇಷ ಇಲ್ದೆ ಎಲ್ಲದರಿಂದಲೂ ಭಾಗ ಹೋಗ್ಬೇಕು, ಬಂದ ಭಾಗಲಬ್ಧಗಳ ಮಸಾಅ 1 ಇರ್ಬೇಕು. ಅವಳ ಕೈಯಲ್ಲೇ ಮಾಡ್ಸಿ, ನೀವು ಹೇಳ್ಕೊಡ್ಬೇಡಿ.

ಏಳನೇ ಕ್ಲಾಸ್ ಅಮ್ಮ: ತುಂಬಾ ಥ್ಯಾಂಕ್ಸ್ ಮೇಡಂ, ಈಗ್ಲೇ ಕೂರಿಸ್ತೀನಿ.

ಟ್ರಿಕ್ ಪ್ರಿಯ: ಇಷ್ಟೆಲ್ಲಾ ಯಾಕೆ ಮೇಡಂ, ಗುಣಲಬ್ಧ ÷ ಮಸಾಅ ಮಾಡಿದ್ರೆ ಆಯ್ತಲ್ಲ?

ಗಣಿತ ಮೇಡಂ: ಎರಡು ಸಂಖ್ಯೆಗೆ ಮಾತ್ರ. 4, 6, 10ಕ್ಕೆ ಮಾಡಿ, 240÷2=120 ಬರುತ್ತೆ. ಲಸಾಅ 60.

ಎಕ್ಸಾಮ್ ತಯಾರಿ: 6, 8, 12 ನಿಮಿಷಕ್ಕೊಂದ್ಸಲ ಹೊಡೆಯೋ ಮೂರು ಬೆಲ್, ಈಗ ಒಟ್ಟಿಗೆ ಹೊಡೆದಿವೆ, 2 ಗಂಟೇಲಿ ಎಷ್ಟು ಸಲ ಒಟ್ಟಿಗೆ ಹೊಡೀತಾವೆ?

ಲೆಕ್ಕದ ಹುಳ: ಲಸಾಅ 24, 120÷24=5. ಸಿಂಪಲ್.

ಕೀ ಆನ್ಸರ್: 6 ಗುರು. ಶುರುವಲ್ಲಿ ಹೊಡೆದಿದ್ದು ಎಲ್ಲಿ ಹೋಯ್ತು?

ಲೆಕ್ಕದ ಹುಳ: ಅದು ಮೊದಲೇ ಹೊಡೆದಾಯ್ತಲ್ಲಪ್ಪ, ಇನ್ಮೇಲೆ ಎಷ್ಟು ಅಂತ ತಾನೆ ಕೇಳಿರೋದು.

ಕೀ ಆನ್ಸರ್: "ಇನ್ಮೇಲೆ" ಅಂತ ಎಲ್ಲಿ ಬರೆದಿದೆ ತೋರಿಸಿ. 5 ಬರೆದು ಮಾರ್ಕ್ಸ್ ಹೋದ್ರೆ ನೀವು ಕೊಡ್ತೀರಾ?

ಸುಮ್ನೆ ಓದೋನು: ಮೇಡಂ 1271, 1147ರ ಲಸಾಅ? ಅಪವರ್ತನನೇ ಸಿಗ್ತಿಲ್ಲ.

ಗಣಿತ ಮೇಡಂ: ಇಷ್ಟು ದೊಡ್ಡದಕ್ಕೆ ಅಪವರ್ತನ ಹುಡುಕ್ತಾ ಕೂರ್ಬೇಡಿ, ಯೂಕ್ಲಿಡ್ ವಿಧಾನದಲ್ಲಿ ಮಸಾಅ ತೆಗೀರಿ. 1271ನ್ನ 1147ರಿಂದ ಭಾಗಿಸಿದ್ರೆ ಶೇಷ 124. 1147ನ್ನ 124ರಿಂದ ಭಾಗಿಸಿದ್ರೆ ಶೇಷ 31. 124 ಅನ್ನೋದು 31ರಿಂದ ಪೂರ್ತಿ ಭಾಗ ಹೋಯ್ತು, ಮಸಾಅ 31. ಈಗ ಮೊದಲು ಭಾಗಿಸಿ ಆಮೇಲೆ ಗುಣಿಸಿ: 1147÷31=37, 1271×37=47027. ಮೊದಲೇ ಗುಣಿಸಿದ್ರೆ ಸುಮ್ನೆ ದೊಡ್ಡ ಸಂಖ್ಯೆ ಜೊತೆ ಒದ್ದಾಡ್ಬೇಕು.

ಹೊಸಬ: ಮೇಡಂ 0 ಮತ್ತು 5ರ ಲಸಾಅ ಎಷ್ಟು?

ಹೊಸಬ: ಮೂರು ಸಂಖ್ಯೆಗೆ ಸುಲಭ ಟ್ರಿಕ್ ಇದ್ರೆ ಹೇಳಿ ಮೇಡಂ

ಗಣಿತ ಮೇಡಂ: ಮೂರು ಸಂಖ್ಯೆದು ಮೇಲೆ ಇದೆ.

ಎಕ್ಸಾಮ್ ತಯಾರಿ: ಮೇಡಂ ಬೆಲ್ಲು?

ಗಣಿತ ಮೇಡಂ: ಪ್ರಶ್ನೆ ಪೂರ್ತಿ ಹಾಕಿ ಅಂತ ಎಷ್ಟು ಸಲ ಹೇಳೋದು. ಶುರುವಿಂದು ಸೇರಿಸಿ ಕೇಳಿದ್ರೆ 6, ಅದಾದ್ಮೇಲೆ ಎಷ್ಟು ಅಂದ್ರೆ 5. ಲಸಾಅ ಎರಡರಲ್ಲೂ 24, ಜಗಳ ಲೆಕ್ಕದ್ದಲ್ಲ.

ಕೀ ಆನ್ಸರ್: ಸೋ ನಾನು ಹೇಳಿದ್ದೇ ಸರಿ.

ಲೆಕ್ಕದ ಹುಳ: ಪೂರ್ತಿ ಓದ್ರೀ ಸ್ವಾಮಿ, ಎರಡೂ ಅಂದ್ರು.

ಟ್ರಿಕ್ ಪ್ರಿಯ: ಹೊಸಬರಿಗೆ ಮೂರು ಸಂಖ್ಯೆ ಟ್ರಿಕ್ ಬೇಕಂದ್ರೆ ನನ್ನ ಹತ್ರ ಒಂದು ವಿಡಿಯೋ ಇದೆ, ಹಾಕ್ಲಾ?

ಗಣಿತ ಮೇಡಂ: ಹಾಕೋ ಮುಂಚೆ ಅದರಲ್ಲಿ 6, 10, 15 ಹಾಕಿ ನೋಡಿ. 30 ಬರ್ದೇ ಇದ್ರೆ ನಿಮ್ಮ ಫೋನಲ್ಲೇ ಇರ್ಲಿ.

ಕೀ ಆನ್ಸರ್: ಎರಡೂ ಅಂದ್ರು ಸರಿ, ಆದ್ರೆ ಈ ಪ್ರಶ್ನೆಗೆ 6.

ಲೆಕ್ಕದ ಹುಳ: 5.